ಸಿವಿಲ್ ಡಿಪ್ಲೊಮಾದವರಿಗೆ ಕೆಮಿಸ್ಟ್ರಿ ಲ್ಯಾಬ್: ಬೋರ್ ನೀರಿನ ಕ್ಲೋರೈಡ್ ಪರೀಕ್ಷೆ ನಾನು ಮಾಡಿಸುವ ಬಗೆ

ಸಿವಿಲ್ ಡಿಪ್ಲೊಮಾ ಸೇರಿದವರಿಗೆ ಕೆಮಿಸ್ಟ್ರಿ ಲ್ಯಾಬ್ ಅಂದರೆ ಇಡಿಟಿಎ ಟೈಟ್ರೇಷನ್: ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ನೀರಿನ ಗಡಸುತನ ಅಳೆಯುವುದು. ಕೆಂಪು ಹೋಯಿತು, ನೀಲಿ ಬಂತು, ಗಡಸುತನ ಇಷ್ಟು, ರೆಕಾರ್ಡಿಗೆ ಸಹಿ. ಆದರೆ ಕಾಂಕ್ರೀಟಿಗೆ ಎಂಥ ನೀರು ಬೇಕು ಎಂದು ಹೇಳುವ ಭಾರತೀಯ ಮಾನಕ ಕೋಡ್ ಐಎಸ್ 456:2000ರಲ್ಲಿ ಗಡಸುತನಕ್ಕೆ ಮಿತಿಯೇ ಇಲ್ಲ. ಅದು ಕೇಳುವುದು ಕ್ಲೋರೈಡ್, ಸಲ್ಫೇಟ್, ಆಮ್ಲ, ಕ್ಷಾರ, ಕರಗಿದ ಲವಣ. ಹಾಗಾಗಿ ಸಿವಿಲ್ ಬ್ಯಾಚಿಗೆ ನಾನು ಕ್ಲೋರೈಡನ್ನೇ ಮುಂದಿಟ್ಟು ಮಾಡಿಸುತ್ತೇನೆ. ನೀರು ಎರಡು ಬಗೆಯದು: ಜಗಳೂರು, ಚಳ್ಳಕೆರೆ ಕಡೆಯ ಬೋರಿನದು ಮತ್ತು ದಾವಣಗೆರೆ ಪಕ್ಕದ ಭದ್ರಾ ನಾಲೆಯದು. ಎರಡನ್ನೂ ಒಟ್ಟಿಗೆ ಮಾಡಿದರೆ ದ್ರಾವಣ ಅಳೆದು ಬಿಡುವ ಗಾಜಿನ ಕೊಳವೆ, ಬ್ಯೂರೆಟ್ಟೇ ಪಾಠ ಹೇಳುತ್ತದೆ.

ನೀರು ಹಿಡಿಯುವ ಮೊದಲು ಮೋಟರು ಐದು ಹತ್ತು ನಿಮಿಷ ಓಡಬೇಕು. ಪೈಪಿನಲ್ಲಿ ನಿಂತ ನೀರು ಲೆಕ್ಕಕ್ಕಿಲ್ಲ. ಕ್ಯಾನನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಗಾಳಿ ಉಳಿಯದಂತೆ ಬಾಯಿಮಟ್ಟ ತುಂಬಿಸಿ ಮುಚ್ಚಿ. ಕ್ಲೋರೈಡ್ ಕಾಯುತ್ತದೆ, ಕ್ಷಾರತೆ ಕಾಯುವುದಿಲ್ಲ. ಅದನ್ನು ಅದೇ ದಿನ ಮಾಡಿ ಮುಗಿಸಬೇಕು.

ಕ್ಲೋರೈಡ್ ಅಳೆಯಲು ಬ್ಯೂರೆಟ್ಟಿನಿಂದ ಬಿಡುವುದು ಸಿಲ್ವರ್ ನೈಟ್ರೇಟ್. ಅದನ್ನು 2.395 ಗ್ರಾಂ ತೂಗಿ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿದರೆ 0.0141 ನಾರ್ಮಲ್ (ಸಾಂದ್ರತೆಯ ಅಳತೆ) ದ್ರಾವಣ. ಈ ವಿಚಿತ್ರ ಸಂಖ್ಯೆ ಯಾಕೆಂದರೆ, ಇದರ 1 ಮಿ.ಲೀ.ಗೆ ಸರಿಯಾಗಿ 0.5 ಮಿ.ಗ್ರಾಂ ಕ್ಲೋರೈಡ್ ಸಮ. ಕಂದು ಬಣ್ಣದ ಸೀಸೆಯಲ್ಲೇ ಇಡಬೇಕು, ಬೆಳಕು ಬಿದ್ದರೆ ಕೆಡುತ್ತದೆ. ಒಣಗಿಸಿದ ಸೋಡಿಯಂ ಕ್ಲೋರೈಡ್ 0.824 ಗ್ರಾಂ ಒಂದು ಲೀಟರಿಗೆ ಹಾಕಿದರೆ ಅದೇ ನಾರ್ಮಾಲಿಟಿಯ ಉಪ್ಪುನೀರು; ಬ್ಯಾಚ್ ಶುರುವಾಗುವ ಮೊದಲು ಅದರೆದುರು ಬೆಳ್ಳಿ ದ್ರಾವಣವನ್ನು ತಾಳೆ ನೋಡುತ್ತೇನೆ.

ಪುಸ್ತಕದಲ್ಲಿ 100 ಮಿ.ಲೀ. ನೀರು ತೆಗೆದುಕೊಳ್ಳಿ ಎಂದಿರುತ್ತದೆ. ನಮ್ಮ ಕಡೆಯ ಬೋರಿಗೆ ಅದು ನಡೆಯದು. ಸರಳಿರುವ ಕಾಂಕ್ರೀಟಿಗೆ ಮಿತಿ ಲೀಟರಿಗೆ 500 ಮಿ.ಗ್ರಾಂ, ಮಿತಿಯಂಚಿನ ನೀರು 100 ಮಿ.ಲೀ. ಹಾಕಿದರೆ 100 ಮಿ.ಲೀ. ಬೆಳ್ಳಿ ದ್ರಾವಣ ಬೇಕು, ಬ್ಯೂರೆಟ್ ಎರಡು ಸಲ ಖಾಲಿ. ಬೆಳ್ಳಿಯ ಬೆಲೆ ಗೊತ್ತಲ್ಲ! 20 ಮಿ.ಲೀ. ಪಿಪೆಟ್ ಮಾಡಿ, ಡಿಸ್ಟಿಲ್ಡ್ ವಾಟರ್ ಸೇರಿಸಿ 100ಕ್ಕೆ ತನ್ನಿ. ಆಗ ಬ್ಯೂರೆಟ್ಟಿನ ಪ್ರತಿ ಮಿ.ಲೀ.ಗೆ ಲೀಟರಿಗೆ 25 ಮಿ.ಗ್ರಾಂ ಲೆಕ್ಕ, ಬ್ಲ್ಯಾಂಕ್ (ಬರೀ ಡಿಸ್ಟಿಲ್ಡ್ ವಾಟರಿನ ಓದು) ಕಳೆದು 20 ಮಿ.ಲೀ. ದಾಟಿತೆಂದರೆ ನೀರು ಫೇಲು. ನಾಲೆ ನೀರಿಗೆ ಮಾತ್ರ ಪೂರ್ತಿ 100 ಮಿ.ಲೀ. ಹಾಕಿ, ಇಲ್ಲದಿದ್ದರೆ ಓದು ತೀರ ಚಿಕ್ಕದಾಗಿ ತಪ್ಪಿನ ಪಾಲು ದೊಡ್ಡದಾಗುತ್ತದೆ.

ಸೂಚಕವಾಗಿ, ಅಂದರೆ ಕೊನೆಯನ್ನು ಬಣ್ಣದಲ್ಲಿ ತೋರಿಸಲು, ಪೊಟ್ಯಾಸಿಯಂ ಕ್ರೋಮೇಟ್ ಒಂದು ಮಿ.ಲೀ. ಸಾಕು. ಹಳದಿ ದ್ರಾವಣಕ್ಕೆ ಹನಿ ಬಿದ್ದಲ್ಲಿ ಇಟ್ಟಿಗೆ ಬಣ್ಣ ಬಂದು ಅಲ್ಲಾಡಿಸಿದರೆ ಹೋಗುತ್ತದೆ; ಹೋಗದೆ ನಿಂತ ಮೊದಲ ಛಾಯೆಯೇ ಕೊನೆ. ಕಡು ಕೆಂಪಿಗೆ ಕಾಯುತ್ತಾ ನಿಂತವರ ಓದು ಒಂದು ಮಿ.ಲೀ.ನಷ್ಟು ಮುಂದೆ ಹೋಗಿರುತ್ತದೆ. ಪಕ್ಕದಲ್ಲಿ ಬ್ಲ್ಯಾಂಕ್ ಫ್ಲಾಸ್ಕ್ ಇಟ್ಟು ಬಣ್ಣ ಹೋಲಿಸಲು ಹೇಳುತ್ತೇನೆ. ಬ್ಲ್ಯಾಂಕ್ ಸಾಮಾನ್ಯವಾಗಿ 0.2, 0.3 ಮಿ.ಲೀ. ಅದಕ್ಕಿಂತ ಜಾಸ್ತಿ ಬಂದರೆ ಯಾರೋ ಫ್ಲಾಸ್ಕನ್ನು ನಲ್ಲಿ ನೀರಿನಲ್ಲಿ ತೊಳೆದು ಹಾಗೇ ತಂದಿದ್ದಾರೆ ಎಂದರ್ಥ, ಇಲ್ಲವೇ ಅಂಗಡಿಯಿಂದ ತಂದ ಬ್ಯಾಟರಿ ವಾಟರ್ ಹೆಸರಿಗಷ್ಟೇ ಡಿಸ್ಟಿಲ್ಡ್. ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರೆ ಬಣ್ಣ ಬಯಲು: ಬೆಳ್ಳಗಾದರೆ ಬೇಡ.

ಪಿಎಚ್ 7ರಿಂದ 10ರೊಳಗೆ ಇರಬೇಕು. ಆಮ್ಲವಾದರೆ ಕ್ರೋಮೇಟ್ ಡೈಕ್ರೋಮೇಟ್ ಆಗಿ ಬಣ್ಣ ತಡವಾಗುತ್ತದೆ. ಕ್ಷಾರ ಜಾಸ್ತಿಯಾದರೆ ಬೆಳ್ಳಿಯೇ ಕಂದು ಆಕ್ಸೈಡಾಗಿ ಕೂರುತ್ತದೆ. ಬೋರ್ ನೀರಿಗೆ ಈ ತೊಂದರೆ ಅಪರೂಪ. ಕ್ಯೂರಿಂಗ್ ತೊಟ್ಟಿಯ (ಕಾಂಕ್ರೀಟ್ ನೆನೆಸಿಡುವ ತೊಟ್ಟಿ) ನೀರು ತಂದವರಿಗೆ ಮಾತ್ರ ಖಾತ್ರಿ, ಯಾಕೆಂದರೆ ಸಿಮೆಂಟಿನ ಸುಣ್ಣ ಅದರಲ್ಲಿ ಬಿಟ್ಟಿರುತ್ತದೆ. ಅದಕ್ಕೆ ಮೊದಲು ತೆಳು ಸಲ್ಫ್ಯೂರಿಕ್ ಆಮ್ಲ ಹಾಕಿ ಪಿಎಚ್ ಇಳಿಸಬೇಕು. ಹೈಡ್ರೋಕ್ಲೋರಿಕ್ ಹಾಕಿದರೆ ಅಳೆಯಬೇಕಾದ್ದನ್ನೇ ಸುರಿದ ಹಾಗೆ.

ಕ್ರೋಮೇಟ್ ವಿಷ, ಕ್ಯಾನ್ಸರ್ ತರುವಂಥದ್ದು. ಬಾಯಲ್ಲಿ ಪಿಪೆಟ್ ಎಳೆಯುವ ಹಳೇ ಚಾಳಿ ಇಲ್ಲಿ ಬೇಡವೇ ಬೇಡ. ತ್ಯಾಜ್ಯ ಸಿಂಕಿಗಲ್ಲ, ಡಬ್ಬಿಗೆ.

ಇನ್ನು ಲೆಕ್ಕ, ನನ್ನ ಮಟ್ಟಿಗೆ ಮುಖ್ಯ ಭಾಗವೇ ಇದು. ಓದು 13.4, ಬ್ಲ್ಯಾಂಕ್ 0.2 ಇದ್ದರೆ 13.2 × 25 = 330 ಮಿ.ಗ್ರಾಂ. ಇಲ್ಲಿಗೆ ನಿಲ್ಲಿಸಿದರೆ ಅದು ಕೆಮಿಸ್ಟ್ರಿಯವರ ಉತ್ತರ. ಘನ ಮೀಟರಿಗೆ 320 ಕೆ.ಜಿ. ಸಿಮೆಂಟು, ನೀರು–ಸಿಮೆಂಟ್ ಅನುಪಾತ 0.55 ಎಂದರೆ ನೀರು 176 ಲೀಟರ್. ಅದರಲ್ಲಿ ಹೋಗುವ ಕ್ಲೋರೈಡ್ ಸುಮಾರು 58 ಗ್ರಾಂ. ಸರಳಿರುವ ಕಾಂಕ್ರೀಟಿನಲ್ಲಿ ಎಲ್ಲ ಮೂಲಗಳಿಂದ ಸೇರಿ ಇರಬಹುದಾದ್ದು ಘನ ಮೀಟರಿಗೆ 0.6 ಕೆ.ಜಿ. ಅಂದರೆ ನೀರಿನ ಪಾಲು ಹತ್ತರಲ್ಲೊಂದು. ಉಳಿದದ್ದು ಮರಳು, ಜಲ್ಲಿ, ಸಿಮೆಂಟು, ಅಡ್‌ಮಿಕ್ಸ್ಚರಿನಿಂದ (ಕಾಂಕ್ರೀಟಿಗೆ ಬೆರೆಸುವ ರಾಸಾಯನಿಕ) ಬರಬಹುದು. ಸೈಟಿನಲ್ಲಿ ಬರೀ ನೀರನ್ನು ಬೈಯುವವರಿಗೆ ಈ ಭಾಗಾಕಾರ ತೋರಿಸಬೇಕು.

ಕ್ಷಾರತೆಗೆ ಕೋಡಿನ ಮಾತು ನೇರ: 100 ಮಿ.ಲೀ. ನೀರಿಗೆ ಮಿಶ್ರ ಸೂಚಕ ಹಾಕಿ 0.02 ನಾರ್ಮಲ್ ಸಲ್ಫ್ಯೂರಿಕ್ ಆಮ್ಲ 25 ಮಿ.ಲೀ. ಮೀರಬಾರದು. ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಅದು ಲೀಟರಿಗೆ 250 ಮಿ.ಗ್ರಾಂ. ಕ್ಲೋರೈಡಿನಲ್ಲಿ ಪಾಸಾದ ಬೋರ್ ನೀರು ಬೈಕಾರ್ಬೊನೇಟಿನಿಂದ ಇಲ್ಲಿ ಎಡವುವುದುಂಟು. ಅಷ್ಟಕ್ಕೇ ನೀರನ್ನು ತಿರಸ್ಕರಿಸಬೇಕಿಲ್ಲ. ಅನುಮಾನದ ನೀರಿಗೆ ಕೋಡ್ ಕ್ಯೂಬ್ ಪರೀಕ್ಷೆ ಇಟ್ಟಿದೆ: ಆ ನೀರಿನಲ್ಲಿ 150 ಮಿ.ಮೀ. ಕ್ಯೂಬ್ ಮೂರು, ಡಿಸ್ಟಿಲ್ಡ್ ವಾಟರಿನಲ್ಲಿ ಮೂರು. 28 ದಿನದ ಸರಾಸರಿ ಬಲ ಡಿಸ್ಟಿಲ್ಡ್ ಕ್ಯೂಬಿನ ಶೇ. 90ಕ್ಕಿಂತ ಕೆಳಗೆ ಇಳಿಯಬಾರದು. ಇನಿಷಿಯಲ್ ಸೆಟ್ಟಿಂಗ್ ಟೈಮ್ (ಸಿಮೆಂಟು ಗಟ್ಟಿಯಾಗತೊಡಗುವ ಹೊತ್ತು) 30 ನಿಮಿಷಕ್ಕೆ ಕಡಿಮೆ ಇರಬಾರದು, ಡಿಸ್ಟಿಲ್ಡ್ ನೀರಿನದಕ್ಕಿಂತ ಆಚೀಚೆ 30 ನಿಮಿಷ ದಾಟಬಾರದು.

ಡಿಸ್ಟಿಲ್ಡ್ ವಾಟರ್ ದುಬಾರಿ ಎಂದು ಇದನ್ನು ಬಿಡುವವರಿದ್ದಾರೆ. ಮೂರು ಕ್ಯೂಬಿಗೆ ಬೇಕಾದ್ದು, ಪೋಲಾಗುವುದೂ ಸೇರಿ, 4 ಕೆ.ಜಿ. ಸಿಮೆಂಟು, 2.2 ಲೀಟರ್ ನೀರು, ಅಷ್ಟೇ. ಸಿಮೆಂಟು ಒಂದೇ ಚೀಲದ್ದಿರಲಿ. ಮರಳು, ಜಲ್ಲಿ ಒಂದೇ ರಾಶಿಯದು, ತೇವ ಒಂದೇ ಸಮ ಇರಲಿ. ಒಂದು ಕಂತಿನದು ಹಸಿ, ಇನ್ನೊಂದರದು ಒಣಗಿದ್ದರೆ ನೀವು ಅಳೆದದ್ದು ನೀರಿನ ಗುಣವಲ್ಲ, ನೀರಿನ ಪ್ರಮಾಣ. ಏಪ್ರಿಲ್ ಮೇ ತಿಂಗಳಲ್ಲಿ ಸೆಟ್ಟಿಂಗ್ ಟೈಮ್ ಅಳೆಯುವ ವಿಕ್ಯಾಟ್ ಉಪಕರಣದ ಓದನ್ನು ಬೆಳಿಗ್ಗೆಯೇ ಮುಗಿಸಿ, ಎರಡು ನೀರನ್ನೂ ಒಟ್ಟಿಗೆ ಕೂರಿಸಿ. 27 ಡಿಗ್ರಿ ಇರಬೇಕಾದ ಕೋಣೆ ಮಧ್ಯಾಹ್ನದ ಹೊತ್ತಿಗೆ ಎಷ್ಟೋ ಮೇಲಿರುತ್ತದೆ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಮಾಡಿದರೆ ವ್ಯತ್ಯಾಸ ನೀರಿನದೋ ಬಿಸಿಲಿನದೋ ಹೇಳಲಾಗದು.