ಶಾಸಕರು ಸದನದಲ್ಲಿ ಏನು ಮಾಡಿದರು? ಹುಡುಕಲು ಹೋದ ನನ್ನ ಅನುಭವ

ಕೊಡಗಿನ ಶನಿವಾರಸಂತೆಯಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಜುಲೈ ಮಳೆಯಲ್ಲಿ ಗಿರಾಕಿ ಕಡಿಮೆ, ಮಾತು ಜಾಸ್ತಿ. ಒಂದಿನ ಆರ್‌ಟಿಸಿ ತೆಗೆಸಲು ಬಂದ ಇಬ್ಬರಿಗೆ ಜಟಾಪಟಿ ಶುರುವಾಯಿತು. "ನಮ್ಮ ಎಂಎಲ್ಎ ಅಸೆಂಬ್ಲಿಯಲ್ಲಿ ಬಾಯೇ ಬಿಟ್ಟಿಲ್ಲ" ಎಂದರು ಒಬ್ಬರು. "ನೀವು ಹೋಗಿ ನೋಡಿದ್ರಾ?" ಎಂದರು ಇನ್ನೊಬ್ಬರು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. "ನಿನ್ ಹತ್ರ ನೆಟ್ ಇದೆಯಲ್ಲಪ್ಪ, ತೆಗೆದು ಕೊಡು." ಆರ್‌ಟಿಸಿ ತೆಗೆದಷ್ಟೇ ಸುಲಭ ಅಂದುಕೊಂಡು ಒಪ್ಪಿಕೊಂಡೆ.

ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದೆ: ಹಾಕಿದ ಮತ, ತಂದ ಮಸೂದೆ, ಕೇಳಿದ ಪ್ರಶ್ನೆ. ಅಮೆರಿಕದ ಸಂಸತ್ತಿನಲ್ಲಿ ಮತ ಎಣಿಸಿದಾಗ ಯಾವ ಸದಸ್ಯ ಯಾವ ಮಸೂದೆಗೆ ಹೇಗೆ ಮತ ಹಾಕಿದ ಎಂದು ಹೆಸರು ಸಮೇತ ಸಿಗುತ್ತದೆ. ಇಲ್ಲೂ ಹಾಗೇ ಇರಬಹುದು ಅನ್ನೋದು ನನ್ನ ಲೆಕ್ಕ.

ಮೊದಲ ಕಾಲಂ ಖಾಲಿಯೇ ಉಳಿಯಿತು. ನಮ್ಮ ವಿಧಾನಸಭೆಯಲ್ಲಿ ಹೆಚ್ಚಿನ ಮಸೂದೆಗಳು ಪಾಸಾಗುವುದು ಧ್ವನಿಮತದಲ್ಲಿ. ಸ್ಪೀಕರ್ ಕೇಳುತ್ತಾರೆ, ಒಂದು ಕಡೆಯವರು 'ಹೌದು' ಎನ್ನುತ್ತಾರೆ, ಇನ್ನೊಂದು ಕಡೆಯವರು 'ಇಲ್ಲ' ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. 224 ಜನರಲ್ಲಿ ಯಾರ ಗಂಟಲು ಯಾವ ಕಡೆ ಎಂದು ಯಾರೂ ಬರೆದಿಡುವುದಿಲ್ಲ. ಮತ ಎಣಿಸುವುದು ಅಪರೂಪ. 2019ರ ಜುಲೈ 23ರಂದು ಕುಮಾರಸ್ವಾಮಿ ಅವರ ವಿಶ್ವಾಸಮತ ಹಾಗೆ ಎಣಿಸಿದ್ದು. ಪರ 99, ವಿರುದ್ಧ 105. ಆಗ ಮಡಿಕೇರಿ, ವಿರಾಜಪೇಟೆ ಎರಡೂ ಬಿಜೆಪಿ ಕೈಯಲ್ಲಿದ್ದವು, ಹಾಗಾಗಿ ನಮ್ಮ ಜಿಲ್ಲೆಯ ಎರಡು ಮತ ಎಲ್ಲಿ ಬಿದ್ದವು ಎಂದು ಕೇಳುವುದೇ ಬೇಡ. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಮೀರಿದರೆ ಸೀಟೇ ಹೋಗಬಹುದು. ಅಂದಮೇಲೆ ಆ ಮತ ಶಾಸಕರದ್ದಾ, ಪಕ್ಷದ್ದಾ?

ಇನ್ನೊಂದು ತಮಾಷೆ ನೋಡಿ. 2010ರ ಅಕ್ಟೋಬರ್‌ನಲ್ಲಿ ಯಡಿಯೂರಪ್ಪ ಮೂರೇ ದಿನದ ಅಂತರದಲ್ಲಿ ಎರಡು ಸಲ ವಿಶ್ವಾಸಮತ ಕೇಳಿದರು. 11ರಂದು ಗದ್ದಲದ ನಡುವೆ ಧ್ವನಿಮತ, 14ರಂದು ಎಣಿಕೆ, 106 ಮತ್ತು 100. ಎರಡು ದಿನವೂ ಸ್ಪೀಕರ್ ಕುರ್ಚಿಯಲ್ಲಿದ್ದವರು ನಮ್ಮ ವಿರಾಜಪೇಟೆಯ ಆಗಿನ ಶಾಸಕ ಕೆ.ಜಿ. ಬೋಪಯ್ಯ. ಎರಡೂ ಕಡೆ ಸಮ ಬಂದರೆ ಮಾತ್ರ ಸ್ಪೀಕರ್ ಮತ ಹಾಕಬಹುದು. ಇಡೀ ರಾಜ್ಯ ನೋಡಿದ ಆ ಮತದಾನದಲ್ಲಿ ವಿರಾಜಪೇಟೆಯ ಮತವೇ ಇಲ್ಲ!

ಎರಡನೇ ಕಾಲಂ ಕೂಡ ಅಷ್ಟಕ್ಕಷ್ಟೇ. ಸದನಕ್ಕೆ ಬರುವ ಮಸೂದೆಗಳು ಬಹುತೇಕ ಸರ್ಕಾರದ್ದು, ಮಂಡಿಸುವವರು ಮಂತ್ರಿ. ಮಂತ್ರಿಯಲ್ಲದವರು ಖಾಸಗಿ ಸದಸ್ಯರ ಮಸೂದೆ ತರಬಹುದು, ಆದರೆ ಅದು ದಡ ಸೇರುವುದು ಕಷ್ಟ. ಸಂಸತ್ತಿನಲ್ಲೇ ಸ್ವಾತಂತ್ರ್ಯದ ನಂತರ ಹಾಗೆ ಕಾನೂನಾದದ್ದು 14 ಮಾತ್ರ, 1970ರ ಮೇಲೆ ಒಂದೂ ಇಲ್ಲ. ಅಂದಹಾಗೆ, ದಾಖಲೆಗಳಲ್ಲಿ 'ಮಸೂದೆ' ಎಂದು ಹುಡುಕಬೇಡಿ. ಅದು ಪೇಪರಿನವರ ಮಾತು. ಅಲ್ಲಿ ಅದು 'ವಿಧೇಯಕ', ಪಾಸಾದ ಮೇಲೆ 'ಅಧಿನಿಯಮ'. ಇದು ಗೊತ್ತಾಗದೆ ನಾನು ಅರ್ಧ ದಿನ ಕಳೆದೆ.

ಹಾಗಾದರೆ ಉಳಿದದ್ದು ಪ್ರಶ್ನೆ. ನಿಜವಾದ ಕೆಲಸ ಶುರುವಾಗಿದ್ದು ಇಲ್ಲಿಂದ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಬಾಯಿಮಾತಿನ ಉತ್ತರ ಕೊಡಬೇಕು, ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ವಿಪ್ ಕಾಟ ಇಲ್ಲ, ಯಾರ ಪ್ರಶ್ನೆಯೋ ಅವರ ಹೆಸರು, ಪಕ್ಕದಲ್ಲೇ ಕ್ಷೇತ್ರ.

ವಿಧಾನಸಭೆಯ ಪ್ರಶ್ನೋತ್ತರದ ಪಿಡಿಎಫ್ ತೆರೆದು ಸರ್ಚ್ ಬಾಕ್ಸ್‌ನಲ್ಲಿ ನಮ್ಮ ಕ್ಷೇತ್ರದ ಹೆಸರು 'ಮಡಿಕೇರಿ' ಎಂದು ಹಾಕಿದೆ. ಏನೂ ಇಲ್ಲ. ಕಣ್ಣೆದುರಿಗೇ ಮಡಿಕೇರಿ ಎಂದು ಬರೆದಿದೆ, ಕಂಪ್ಯೂಟರ್ ಮಾತ್ರ ಇಲ್ಲ ಅನ್ನುತ್ತಿದೆ. ಆ ಪದ ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದಾಗ ತಲೆಮೇಲೆ ಕೊಂಬು ಬಂದ ಇಂಗ್ಲಿಷ್ ಅಕ್ಷರಗಳ ಸಾಲು ಬಂತು. ಡಿಟಿಪಿಯವನಿಗೆ ಅಷ್ಟು ಸಾಕಲ್ವಾ? ಅದು ಕಂಪ್ಯೂಟರ್ ಕನ್ನಡ ಎಂದೇ ಗುರುತಿಸುವ ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೆಯ ನುಡಿ ಫಾಂಟ್. ಕನ್ವರ್ಟರ್‌ನಲ್ಲಿ 'ಮಡಿಕೇರಿ'ಯನ್ನು ಯೂನಿಕೋಡ್‌ನಿಂದ ನುಡಿಗೆ ತಿರುಗಿಸಿ, ಬಂದ ಕಸವನ್ನೇ ಸರ್ಚ್ ಬಾಕ್ಸ್‌ಗೆ ಹಾಕಿದೆ. ಸಾಲಾಗಿ ಬಂದವು! ಶಾಸಕರ ಹೆಸರು ಹಾಕುವುದಕ್ಕಿಂತ ಕ್ಷೇತ್ರದ ಹೆಸರೇ ವಾಸಿ, ಇನಿಷಿಯಲ್ ಚುಕ್ಕೆಯ ತಾಪತ್ರಯ ಇರುವುದಿಲ್ಲ. ಸ್ಕ್ಯಾನ್ ಮಾಡಿದ ಹಾಳೆಗಳಿಗೆ ಈ ಉಪಾಯ ನಡೆಯುವುದಿಲ್ಲ, ಕಣ್ಣಲ್ಲೇ ಓದಬೇಕು. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಟವರ್ ಕೂಡ. ಎಲ್ಲ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಎಂಪಿ ವಿಷಯ ಇಷ್ಟು ಕಷ್ಟವಿಲ್ಲ. ಲೋಕಸಭೆಯ ಜಾಲತಾಣದಲ್ಲಿ ಹೆಸರು ಒತ್ತಿದರೆ ಪ್ರಶ್ನೆಗಳ ಪಟ್ಟಿ ಬರುತ್ತದೆ.

ಸಿಗದ ಒಂದಿಷ್ಟು ಹಾಳೆಗೆ ಆರ್‌ಟಿಐ ಹಾಕಿದೆ. ಶುಲ್ಕ 10 ರೂಪಾಯಿ. ಆದರೆ ಒಂದೇ ಅರ್ಜಿಯಲ್ಲಿ ಮೂರು ವಿಷಯ ತುರುಕಿದ್ದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ವಾಪಸ್ ಬಂತು. ತಪ್ಪು ನನ್ನದೇ, ಊರಿಗೆಲ್ಲ ಅರ್ಜಿ ಟೈಪ್ ಮಾಡಿಕೊಡುವವನು ನಾನು!

ಎಷ್ಟು ಪ್ರಶ್ನೆ ಸಿಕ್ಕವು ಎಂದು ಇಲ್ಲಿ ಬರೆಯುವುದಿಲ್ಲ, ಚುನಾವಣೆ ಭಾಷಣ ಆಗಿಬಿಡುತ್ತದೆ. ಸುಮ್ನೆ ಎಣಿಸಿದರೂ ಮೋಸ ಹೋಗುತ್ತೀರಿ. ಶಾಸಕರು ಮಂತ್ರಿಯಾದರೆ ಪ್ರಶ್ನೆಗೆ ಉತ್ತರ ಕೊಡುವ ಕಡೆ ಇರುತ್ತಾರೆ, ಅವರ ಲೆಕ್ಕ ಸೊನ್ನೆ ಕಾಣುತ್ತದೆ. ಕೆಲವು ಪ್ರಶ್ನೆಗಳು 'ಸರ್ಕಾರದ ಗಮನಕ್ಕೆ ಬಂದಿದೆಯೇ' ಎಂದು ಕೇಳಿ, 'ಬಂದಿದೆ' ಎಂಬ ಉತ್ತರ ಪಡೆದು ಮುಗಿಯುತ್ತವೆ. ಅದೂ ಒಂದು ಪ್ರಶ್ನೆಯೇ!

ಒಂದು ಸಂಜೆ ಆ ಇಬ್ಬರೂ ಮತ್ತೆ ಬಂದರು. ಫೈಲ್ ಮುಂದಿಟ್ಟೆ. ಬಾಯೇ ಬಿಟ್ಟಿಲ್ಲ ಎಂದಿದ್ದವರು ಹಾಳೆ ತಿರುವುತ್ತಾ ಒಂದು ಕಡೆ ನಿಂತರು. ಕಾಡಾನೆ ಬೆಳೆ ಹಾನಿ ಪರಿಹಾರದ ಬಗ್ಗೆ ಅರಣ್ಯ ಸಚಿವರ ಲಿಖಿತ ಉತ್ತರ, ಕೊನೆಗೆ ಅನುಬಂಧ, ತಾಲ್ಲೂಕುವಾರು ಅರ್ಜಿ ಎಷ್ಟು, ಬಾಕಿ ಎಷ್ಟು ಎಂದು. ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು.

"ಅವತ್ತಿನ ಜಟಾಪಟಿಯಲ್ಲಿ ಗೆದ್ದದ್ದು ನಾನೇ ತಾನೇ?" ಎಂದರು ಇನ್ನೊಬ್ಬರು.

"ಅದಿರಲಿ ಮಾರಾಯ" ಎಂದು ಇವರು ಹಾಳೆಯನ್ನು ನನ್ನ ಕೈಗೆ ಕೊಟ್ಟರು. "ಇದನ್ನ ಎರಡು ಕಾಪಿ ಮಾಡು. ನಾಳೆ ಫಾರೆಸ್ಟ್ ಆಫೀಸಿಗೆ ತಗೊಂಡು ಹೋಗ್ತೀನಿ."