ಹೀಟರ್, ಎಸಿ ತರೋ ಮೊದಲು ಟೇಪ್ ಹಿಡಿದು ರೂಮ್ ಅಳೆಯಿರಿ

ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆಯಿತು ಅಂದ್ರೆ ಮಡಿಕೇರಿಯಲ್ಲಿ ಹೀಟರ್ ಮಾತು ಶುರು. ಏಪ್ರಿಲ್ ಬಂದರೆ ಕುಶಾಲನಗರದವರು ಎಸಿ ಹುಡುಕುತ್ತಾರೆ. ಎರಡಕ್ಕೂ ಅಂಗಡಿಯಲ್ಲಿ ಸಿಗೋ ಸಲಹೆ ಒಂದೇ, "ಸ್ವಲ್ಪ ದೊಡ್ಡದೇ ತಗೊಳ್ಳಿ ಸಾರ್." ನಾನೂ ಹಾಗೇ ತಗೊಂಡು ಕೆಟ್ಟೆ.

ಕುಶಾಲನಗರದ ನಮ್ಮ ಮನೆಯಲ್ಲಿ 11ಕ್ಕೆ 10 ಅಡಿಯ ರೂಮಿಗೆ ಒಂದೂವರೆ ಟನ್ ಎಸಿ ಹಾಕಿಸಿದ್ದೆ, ಇನ್ವರ್ಟರ್ ಅಲ್ಲದ್ದು, ಅಂದ್ರೆ ಕಂಪ್ರೆಸರ್ ವೇಗ ತಗ್ಗಿಸೋಕೆ ಬರಲ್ಲ, ಓಡಿದರೆ ಪೂರ್ತಿ, ಇಲ್ಲಾಂದ್ರೆ ಬಂದ್. ಐದಾರು ನಿಮಿಷಕ್ಕೇ ರೂಮ್ ತಣ್ಣಗಾಗಿ ಕಂಪ್ರೆಸರ್ ನಿಂತುಬಿಡೋದು. ಗಾಳಿಯ ತೇವ ಮಾತ್ರ ಹಾಗೇ ಉಳಿಯೋದು. ಬೆಡ್‌ಶೀಟ್ ಮುಟ್ಟಿದರೆ ಅರ್ಧ ಒಣಗಿದ ಬಟ್ಟೆ ಥರ. ಎಸಿ ಒಂದಷ್ಟು ಹೊತ್ತು ಬಿಡದೆ ಓಡಿದರೆ ಮಾತ್ರ ಒಳಗಿನ ಕಾಯಿಲ್ ಮೇಲೆ ನೀರು ಕಟ್ಟಿ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಅಷ್ಟು ಸಣ್ಣ ರೂಮಿಗೆ 1 ಟನ್ ಧಾರಾಳ ಸಾಕಿತ್ತು. 1 ಟನ್ ಅಂದ್ರೆ ತೂಕ ಅಲ್ಲ, ಸುಮಾರು 3.5 ಕಿಲೋವ್ಯಾಟ್ ಬಿಸಿಯನ್ನು ಹೊರಗೆ ಹಾಕೋ ಶಕ್ತಿ. ಮೇಲೆ ಬರೀ ತಾರಸಿ ಇದ್ದು ಪಶ್ಚಿಮದ ಗೋಡೆಗೆ ಸಂಜೆ ಬಿಸಿಲು ಹೊಡೆಯುತ್ತಿದ್ದರೆ, ಅಥವಾ ರೂಮ್ 150 ಚದರ ಅಡಿ ದಾಟಿದರೆ, ಆಗ ಒಂದೂವರೆ ಟನ್ ಯೋಚನೆ ಮಾಡಿ. ಮಡಿಕೇರಿ ಕಡೆಯವರಾದರೆ ಫ್ಯಾನ್ ಸಾಕು, ಸುಮ್ನೆ ದುಡ್ಡು ಹಾಕಬೇಡಿ.

ಹೀಟರ್‌ಗೆ ನನ್ನ ಅಂದಾಜು ಲೆಕ್ಕ: 9 ಅಡಿ ಎತ್ತರದ ಆರ್‌ಸಿಸಿ ರೂಮಾದರೆ ಚದರ ಅಡಿಗೆ 10 ವ್ಯಾಟ್. 12ಕ್ಕೆ 10 ಅಡಿ ಅಂದರೆ 1200 ವ್ಯಾಟ್, 1500ರದ್ದು ತಂದರೆ ಆಯ್ತು. ಹೆಂಚಿನ ಮನೆಗೆ ಈ ಲೆಕ್ಕ ನಡೆಯಲ್ಲ. ಹಗಲು ಹೊತ್ತು ಮಂಚದ ಮೇಲೆ ಮಲಗಿ ಮೇಲೆ ನೋಡಿ, ಸಂದಿಯಲ್ಲಿ ಬೆಳಕು ಕಾಣ್ತಿದ್ರೆ ರಾತ್ರಿಯ ಬಿಸಿಯೂ ಅದೇ ದಾರಿ ಹಿಡಿಯುತ್ತದೆ. ಅಂಥ ಕಡೆ 2000 ವ್ಯಾಟ್ ಹಾಕಿದರೂ ತಲೆ ಬಿಸಿ, ಕಾಲು ತಣ್ಣಗೆ. ಗಂಟೆಗೆ 2 ಯೂನಿಟ್ ಹೋಗೋದೊಂದೇ ಲಾಭ! ಮೊದಲು ಸೀಲಿಂಗ್ ಹಾಕಿಸಿ, ಬಾಗಿಲ ಕೆಳಗಿನ ಸಂದಿ ಮುಚ್ಚಿ, ಆಮೇಲೆ ಹೀಟರ್ ಸೈಜ್ ನೋಡಿ.

ವೋಲ್ಟೇಜ್ ಮರೀಬೇಡಿ. 230 ವೋಲ್ಟ್‌ನಲ್ಲಿ 2000 ವ್ಯಾಟ್ ಕೊಡೋ ಹೀಟರ್ 180ಕ್ಕೆ ಇಳಿದಾಗ 1200ರ ಆಸುಪಾಸು ಮಾತ್ರ ಕೊಡುತ್ತದೆ. ತೋಟದ ಲೈನಿನ ಕೊನೆಯಲ್ಲಿರೋ ಮನೆಯಾದರೆ ಈ ಕಡಿತ ಸೇರಿಸಿಯೇ ಲೆಕ್ಕ ಹಾಕಿ. 2000 ವ್ಯಾಟ್ ಅಂದ್ರೆ ಹೆಚ್ಚುಕಡಿಮೆ 9 ಆಂಪ್, ದಪ್ಪ ಪಿನ್ನಿನ 16 ಆಂಪ್ ಸಾಕೆಟ್ಟೇ ಬೇಕು. ನಮ್ಮ ಭಾವ ಮೊಬೈಲ್ ಚಾರ್ಜ್ ಮಾಡೋ ಎಕ್ಸ್‌ಟೆನ್ಷನ್ ಬಾಕ್ಸಿಗೆ ಅಡಾಪ್ಟರ್ ಸಿಕ್ಕಿಸಿ ಹೀಟರ್ ಹಾಕಿದ್ದರು. ಬೆಳಗ್ಗೆ ನೋಡಿದರೆ ಬಾಕ್ಸ್ ಕರಗಿ ನೆಲಕ್ಕೆ ಅಂಟಿಕೊಂಡಿತ್ತು.

ಚಳಿ, ಸೆಖೆ ಎರಡೂ ಇರೋ ಮನೆಗೆ ಹಾಟ್ ಅಂಡ್ ಕೋಲ್ಡ್ ಎಸಿ ಚೆನ್ನಾಗಿದೆ. 1 ಕಿಲೋವ್ಯಾಟ್ ಕರೆಂಟಿಗೆ ಸುಮಾರು 3 ಕಿಲೋವ್ಯಾಟ್ ಬಿಸಿ ಕೊಡುತ್ತದೆ, ಹೊರಗಿನ ಬಿಸಿಯನ್ನು ಒಳಗೆ ತರೋದಷ್ಟೇ ಅದರ ಕೆಲಸ. ಹೊರಗೆ ಹಿಮ ಬೀಳೋ ಊರಲ್ಲಿ ಅದಕ್ಕೆ ಕಷ್ಟ, ನಮ್ಮ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಕಕ್ಕಡದ, ಅಂದ್ರೆ ಜುಲೈ-ಆಗಸ್ಟ್‌ನ ಮಳೆಗೆ ಮಾತ್ರ ಬೇರೆ ಮದ್ದು. ಚಪ್ಪಲಿಗೆ, ಬೀರುವಿನ ಬಟ್ಟೆಗೆ ಬೂಷ್ಟು ಬರ್ತಿದ್ರೆ ಗಾಳಿಯ ತೇವ ಹೀರೋ ಯಂತ್ರ, ಡಿಹ್ಯೂಮಿಡಿಫೈಯರ್ ನೋಡಿ. ಡಬ್ಬದ ಮೇಲೆ ದಿನಕ್ಕೆ 12 ಲೀಟರ್ ಅಂತ ಬರೆದಿದ್ದರೆ ಅದು 30 ಡಿಗ್ರಿಯ ಲೆಕ್ಕ ಇರಬಹುದು, ಕೇಳಿ ನೋಡಿ. ನಮ್ಮ ಮಳೆಗಾಲದ 20 ಡಿಗ್ರಿಯಲ್ಲಿ ಅಷ್ಟು ನೀರು ಬರಲ್ಲ. ಇದೊಂದನ್ನು ಮಾತ್ರ ಒಂದು ಸೈಜ್ ದೊಡ್ಡದು ತಗೊಳ್ಳಿ.

ನನ್ನ ಆ ಒಂದೂವರೆ ಟನ್ ಎಸಿ ಈಗ ಹಾಲ್‌ನಲ್ಲಿದೆ. ಬಿಚ್ಚಿ, ಪೈಪ್ ಬದಲಿಸಿ, ಗ್ಯಾಸ್ ತುಂಬಿಸೋ ಖರ್ಚು ಬೇರೆ ಬಿತ್ತು.