ಹೋಳಡಿಕೆ ಲಘು, ಇಡಿಯಡಿಕೆ ಗುರು

ಪದ್ಯದ ಅಕ್ಷರಗಳನ್ನು ಒಂದು ಮಾತ್ರೆಯ (ಮಾತ್ರೆ ಎಂದರೆ ಉಚ್ಚರಿಸುವ ಹೊತ್ತಿನ ಅಳತೆ) ಲಘು, ಎರಡು ಮಾತ್ರೆಯ ಗುರು ಎಂದು ಗುರುತಿಸಿ ಗಣಗಳಾಗಿ, ಅಂದರೆ ಮಾತ್ರೆಗಳ ಗುಂಪುಗಳಾಗಿ, ವಿಂಗಡಿಸುವ ಪ್ರಸ್ತಾರ ಕಲಿಸಲು ಅಡಿಕೆ ಚೀಲ ಹಿಡಿದು ತರಗತಿಗೆ ಹೊರಟ ದಿನ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಎದ್ದ ನಗು ಅಡಗಲು ಎರಡು ವರ್ಷ ಬೇಕಾಯಿತು. ‘ಎಲೆ, ಸುಣ್ಣ ಮರೆತಿರಲ್ಲ ಮಾಸ್ತರೇ’ ಎಂದವರು ಒಬ್ಬಿಬ್ಬರಲ್ಲ. ಕಳೆದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹತ್ತನೆಯ ತರಗತಿಯ ನಲವತ್ತು ಚಿಲ್ಲರೆ ಮಕ್ಕಳಲ್ಲಿ ಐದಾರು ಮಂದಿ ಬಿಟ್ಟು ಉಳಿದವರೆಲ್ಲ ಛಂದಸ್ಸಿನ ಪ್ರಶ್ನೆಗೆ ಮೂರಕ್ಕೆ ಮೂರು ಅಂಕ ತೆಗೆದರು. ಮೊದಲೆಲ್ಲ ಹತ್ತು ಮಂದಿ ದಾಟಿದರೆ ಅದೇ ಹಬ್ಬ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. ಶಿರಸಿ ಕಡೆಯ ಮಕ್ಕಳಿಗೆ ಯಕ್ಷಗಾನ ಹೊಸದಲ್ಲ, ಭಾಮಿನಿ ಷಟ್ಪದಿ (ಮೂರು, ನಾಲ್ಕು ಮಾತ್ರೆಯ ಗಣಗಳು ಸರದಿಯಲ್ಲಿ ಬರುವ ಆರು ಸಾಲಿನ ಪದ್ಯ) ಕೇಳಿಸಿದರೆ ಗಣ ತಾನಾಗಿಯೇ ಕಿವಿಗೆ ಬೀಳುತ್ತದೆ ಎಂದುಕೊಂಡು ಮೊಬೈಲ್‌ನಲ್ಲಿ ಪದ್ಯ ಹಾಕಿದೆ. ಭಾಗವತರು ತಾಳವಿಲ್ಲದೆ, ಒಂದೊಂದು ಅಕ್ಷರವನ್ನೂ ಮನಸ್ಸು ಬಂದಷ್ಟು ಎಳೆದು ಹಾಡಿದ್ದರು. ಲಘುವೂ ಗುರುವಿನಷ್ಟೇ ಉದ್ದವಾಗಿ, ‘ಸರ್, ಇದಕ್ಕೆ ಎಂಟು ಮಾತ್ರೆ’ ಎಂದು ಹುಡುಗನೊಬ್ಬ ಎದ್ದು ನಿಂತ. ಅವನ ತಪ್ಪಲ್ಲ. ಆಮೇಲೆ ‘ತಕಿಟ ತಕಧಿಮಿ’ ಎಂದು ಚಪ್ಪಾಳೆ ತಟ್ಟಿಸಿದೆ. ಮೂರು–ನಾಲ್ಕರ ಲಯವೇನೋ ಚೆನ್ನಾಗಿ ಹತ್ತಿತು. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಚಪ್ಪಾಳೆ ತಟ್ಟುವಂತಿಲ್ಲವಲ್ಲ!

ಅಡಿಕೆ ಹೊಳೆದದ್ದು ಅಣ್ಣನ ಮನೆಯ ಜಗಲಿಯಲ್ಲಿ. ಅಡಕತ್ತರಿಯಲ್ಲಿ ಅಡಿಕೆ ಎರಡಾಗುವುದನ್ನು ನೋಡುತ್ತ ಕುಳಿತಿದ್ದೆ. ಹೋಳು ಒಂದು ಮಾತ್ರೆ, ಇಡಿಯದು ಎರಡು. ಗಣಕ್ಕೊಂದು ಖಾನೆ ಮಾಡಿದರೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಎಂಟು ಮರದ ತಟ್ಟೆಗಳಿಗೆ ಆಚಾರಿಯ ಬಳಿ ಹೇಳಿದೆ, ತಟ್ಟೆಗೆ ಇನ್ನೂರೈವತ್ತರಂತೆ ಎರಡು ಸಾವಿರ. ಮೂರು ಹೋಳಿನ ಖಾನೆ, ನಾಲ್ಕರದು, ಮತ್ತೆ ಮೂರು, ಮತ್ತೆ ನಾಲ್ಕು ಎಂದು ಚೀಟಿಯಲ್ಲಿ ಬರೆದೇ ಕೊಟ್ಟಿದ್ದೆ. ‘ಒಂದು ಸಣ್ಣದು ಒಂದು ದೊಡ್ಡದು ಮಾಡಿದರೆ ಚಂದ ಕಾಣುವುದಿಲ್ಲ’ ಎಂದು ಆತ ನಾಲ್ಕೂ ಖಾನೆಗಳನ್ನು ನಾಲ್ಕರ ಅಳತೆಗೇ ಮಾಡಿಟ್ಟಿದ್ದ. ದುಡ್ಡು ಕೊಟ್ಟು ತಂದು ಕಪಾಟಿನ ಮೇಲೆ ಎಸೆದೆ. ಮನೆಯಲ್ಲಿ ಒಂದು ವಾರ ಈ ಎರಡು ಸಾವಿರದ ವಿಷಯ ನಡೆಯಿತು.

ಅಡಿಕೆಯದು ಇನ್ನೊಂದು ಗೋಳು. ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಆಗ ಕಿಲೋಗೆ ನಾನೂರರ ಆಸುಪಾಸು, ಎರಡು ಕಿಲೋ ಕೊಂಡೆ. ಒಣಗಿದ್ದನ್ನು ಹಾಗೆಯೇ ಕತ್ತರಿಸಿದರೆ ಮೂರರಲ್ಲಿ ಒಂದು ಚೂರುಚೂರು. ರಾತ್ರಿ ನೆನೆಹಾಕಿ ಕತ್ತರಿಸಿದರೆ ಹೋಳು ಸರಿಯಾಗಿ ಬರುತ್ತದೆ, ಆದರೆ ಮತ್ತೆ ಒಣಗಿಸದೆ ಡಬ್ಬಿಗೆ ಹಾಕಿಬಿಟ್ಟೆ. ಜೂನ್ ಮಳೆ ಹಿಡಿದ ಮೇಲೆ ತೆರೆದರೆ ಬೂಷ್ಟು. ಅಘನಾಶಿನಿ ಕಡೆಯಿಂದ ಬರುವ ಸಹೋದ್ಯೋಗಿಯ ಕೈಯಲ್ಲಿ ಬಳಚು ಚಿಪ್ಪು ತರಿಸಿಯೂ ನೋಡಿದೆ: ಜೋಡಿ ಚಿಪ್ಪು ಗುರು, ಬಿಡಿ ಚಿಪ್ಪು ಲಘು. ತೊಳೆದು ಬಿಸಿಲಿಗಿಟ್ಟರೂ ವಾಸನೆ ಹೋಗಲಿಲ್ಲ. ಮುಂದಿನ ಬೆಂಚಿನ ಹುಡುಗಿಯರು ಮೂಗು ಮುಚ್ಚಿಕೊಂಡೇ ಗಣ ವಿಂಗಡಿಸಿದರು. ಎರಡೇ ದಿನ.

ಕೊನೆಗೆ ಕೈಹಿಡಿದದ್ದು ಸೀಳಿದ ಬಿದಿರು. ಖರ್ಚು ಸೊನ್ನೆ. ಜರಡಿ ಹಿಡಿದು ಒಂದೇ ಗಾತ್ರದ ಅಡಿಕೆ ಆರಿಸಿಕೊಳ್ಳಬೇಕು. ಹೋಳನ್ನು ಮಲಗಿಸದೆ ಬಿದಿರಿನ ಒಳಗುಣಿಯಲ್ಲಿ ನಾಣ್ಯದಂತೆ ನಿಲ್ಲಿಸಬೇಕು, ಆಗ ಎರಡು ಹೋಳು ಹಿಡಿಯುವ ಜಾಗ ಒಂದು ಇಡಿಯಡಿಕೆಗೆ ಸರಿಹೋಗುತ್ತದೆ. ಮೂರು, ಏಳು, ಹತ್ತರ ಗುರುತಿಗೆ ಕಡ್ಡಿ ನೆಟ್ಟರೆ ಭಾಮಿನಿಯ ಚಿಕ್ಕ ಸಾಲು ಸಿದ್ಧ. ಐದೈದು ಮಾತ್ರೆಯ ಗಣಗಳ ವಾರ್ಧಕ ಷಟ್ಪದಿಗೆ ಬೇರೆ ಬಿದಿರು.

ಒಂದು ದಿನ ಹುಡುಗನೊಬ್ಬ ‘ಮಳೆ ಬಂದಿತು ಗದ್ದೆಯೊಳಗೆಲ್ಲ’ ಎಂದು ಬರೆದ. ನನ್ನನ್ನು ಪರೀಕ್ಷಿಸಲೆಂದೇ ಹಿಂದೆ ಕುಳಿತಿದ್ದ ಹಿರಿಯ ಸಹೋದ್ಯೋಗಿ ಬೆರಳಲ್ಲಿ ಎಣಿಸಿ, ‘ಹದಿನಾಲ್ಕು ಮಾತ್ರೆ, ಸರಿಯಾಗಿದೆ’ ಎಂದರು. ಹುಡುಗ ಬಿದಿರಿಗೆ ಇಳಿಸಿದ. ಮ, ಳೆ: ಎರಡು ಹೋಳು. ಮುಂದಿನದು ‘ಬಂ’, ಇಡಿಯಡಿಕೆ. ಖಾನೆಯಲ್ಲಿ ಉಳಿದದ್ದು ಒಂದೇ ಹೋಳಿನ ಜಾಗ, ಕಡ್ಡಿ ಅಡ್ಡ ನಿಂತಿದೆ. ಅಡಿಕೆ ಕೂರಲಿಲ್ಲ. ಮಾತ್ರೆಯ ಮೊತ್ತ ಸರಿಯಿದ್ದರೂ ಗುರುವನ್ನು ಸೀಳಿ ಎರಡು ಗಣಕ್ಕೆ ಹಂಚುವಂತಿಲ್ಲ ಎಂಬುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲೇ ಇಲ್ಲ. ಹುಡುಗನೇ ‘ಮಳೆಯು ಬಂದಿತು ಗದ್ದೆ ತುಂಬಿತು’ ಎಂದು ತಿದ್ದಿದ. ಹಿರಿಯರು ಬಿದಿರನ್ನು ತಿರುಗಿಸಿ ತಿರುಗಿಸಿ ನೋಡಿ, ಸಂಜೆ ತಮ್ಮ ತರಗತಿಗೆಂದು ಒಂದನ್ನು ಕೇಳಿ ಒಯ್ದರು. ಇನ್ನೂ ಹಿಂತಿರುಗಿಸಿಲ್ಲ.

ಒತ್ತಕ್ಷರದ್ದು ಹಳೆಯ ಕಾಯಿಲೆ, ನಿಮಗೂ ಗೊತ್ತು. ‘ಹಳ್ಳ’ ಎಂದರೆ ‘ಳ್ಳ’ಕ್ಕೆ ಇಡಿಯಡಿಕೆ ಇಡುತ್ತಾರೆ, ಹಿಂದಿನ ‘ಹ’ಕ್ಕೆ ಹೋಳು. ಗುರುವಾಗುವುದು ಒತ್ತಕ್ಷರದ ಹಿಂದಿನ ಅಕ್ಷರ. ಒಟ್ಟು ಮೂರೇ ಆಗುವುದರಿಂದ ಬಿದಿರು ಈ ತಪ್ಪನ್ನು ಹಿಡಿಯುವುದಿಲ್ಲ. ಇದಕ್ಕೆ ನಾನು ಬಣ್ಣದ ದಾರವೊಂದನ್ನು ಬಳಸುತ್ತೇನೆ, ಹೇಗೆಂದು ಇಲ್ಲಿ ಬರೆಯುವುದಿಲ್ಲ. ಷಟ್ಪದಿಯ ಮೂರನೆಯ, ಆರನೆಯ ಸಾಲಿನ ತುದಿಯ ಅಕ್ಷರ ಹ್ರಸ್ವವಾಗಿದ್ದರೂ ಗುರುವಾಗುವುದನ್ನು ಮಕ್ಕಳು ಮರೆಯದಂತೆ ಮಾಡುವ ಉಪಾಯವೂ ನನ್ನಲ್ಲೇ ಇರಲಿ. ಶಿಥಿಲದ್ವಿತ್ವ (ಒತ್ತಕ್ಷರವನ್ನು ತೇಲಿಸಿ ಹೇಳುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುವುದು) ಬಂದರೆ ಮಾತ್ರ ಅಡಿಕೆ ಕೈಕೊಡುತ್ತದೆ, ಅಲ್ಲಿ ಕಿವಿಯೇ ಗತಿ. ಅಕ್ಷರ ಎಣಿಸಿ ಕಟ್ಟುವ ಅಕ್ಷರವೃತ್ತಕ್ಕೂ ಪ್ರಯತ್ನಿಸಿದೆ. ಉತ್ಪಲಮಾಲೆ ವೃತ್ತದ ಒಂದು ಸಾಲಿನ ಇಪ್ಪತ್ತು ಅಕ್ಷರ ಜೋಡಿಸುವಷ್ಟರಲ್ಲಿ ಗಂಟೆ ಬಾರಿಸಿತು.

ಅಲಂಕಾರಕ್ಕೆ ಇಂಥ ಉಪಕರಣ ನನಗಿನ್ನೂ ಸಿಕ್ಕಿಲ್ಲ. ಕಾರವಾರದಲ್ಲಿದ್ದಾಗ ಮೀನು ಪೇಟೆಯ ಮಾತಿನಲ್ಲಿ ಉಪಮೆ ಹುಡುಕಿ ತನ್ನಿ ಎಂದು ಮಕ್ಕಳನ್ನು ಕಳಿಸಿದ್ದೆ. ಬಂಗುಡೆಯ ದರ ಬರೆದುಕೊಂಡು ಬಂದರು. ಒಬ್ಬಳು ಮಾತ್ರ ‘ಬೆಳ್ಳಿಯಂಥ ಬಂಗುಡೆ’ ತಂದಳು. ಸಮಾನಧರ್ಮ, ಅಂದರೆ ಎರಡಕ್ಕೂ ಸಮಾನವಾದ ಗುಣ, ಎಲ್ಲಿ ಎಂದು ಕೇಳಿದರೆ, ‘ಹೊಳೆಯುವುದು ಕಣ್ಣಿಗೇ ಕಾಣುತ್ತದಲ್ಲ ಸರ್’ ಎಂದಳು. ಹೀಗೆ ಹೋಲಿಕೆಯ ಒಂದು ಅಂಗವನ್ನು ಹೇಳದೆ ಬಿಡುವ ಲುಪ್ತೋಪಮೆಗೆ ಇಂದಿಗೂ ಅದೇ ನನ್ನ ಉದಾಹರಣೆ.

ಈ ವರ್ಷ ರಗಳೆ ಪಾಠ ಬಂದಾಗ ಕಪಾಟಿನ ಮೇಲಿನ ತಟ್ಟೆಗಳು ನೆನಪಾದವು. ನಾಲ್ಕರ ಅಳತೆಯ ನಾಲ್ಕು ಖಾನೆ, ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣವಿರುವ ಮಂದಾನಿಲ ರಗಳೆಗೆ ಹೇಳಿ ಮಾಡಿಸಿದಂತಿದೆ. ಧೂಳು ಒರೆಸಿ ಹಂಚಿದೆ. ಪೇಟೆಯಲ್ಲಿ ಸಿಕ್ಕ ಆಚಾರಿಗೆ ಈ ಸುದ್ದಿ ಹೇಳಿದರೆ, ‘ನಾನು ಆಗಲೇ ಹೇಳಲಿಲ್ಲವೇ ಮಾಸ್ತರೇ, ಸಮ ಇದ್ದರೇ ಚಂದ’ ಎಂದ.